ಫಿಜಿಯಲ್ಲಿ ಗಂಗವ್ವ ಕಡಿದ ಕಾಡು

ನಾಂದಿ

ನಾನು ಫಿಜಿಗೆ ಹೋದದ್ದು ಕಬ್ಬು ನೋಡಲು. ಬೈಲಹೊಂಗಲದ ಸುತ್ತಿನ ಹೊಲಗಳಲ್ಲಿ ಕಬ್ಬಿನ ರೋಗ, ಕಬ್ಬಿನ ತಳಿ, ಕಬ್ಬಿಗೆ ಬಿಡುವ ನೀರು ಎಂದು ಸೈಕಲ್ಲಿನ ಮೇಲೆ ತಿರುಗುವುದು ನನ್ನ ನೌಕರಿ. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ ನಮ್ಮ ಸಕ್ಕರೆ ಕಾರ್ಖಾನೆಯವರು ಒಬ್ಬನನ್ನು ತರಬೇತಿಗೆ ಹೊರದೇಶಕ್ಕೆ ಕಳಿಸುವುದೆಂದು ಠರಾವು ಮಾಡಿದರು. ಹೋಗಬೇಕಾದ ಸಾಹೇಬರಿಬ್ಬರೂ ಒಂದೊಂದು ಕಾರಣಕ್ಕೆ ಹಿಂದೆ ಸರಿದರು. ಧಾರವಾಡದಾಚೆ ಹೆಚ್ಚೇನೂ ಕಂಡಿರದ ನಾನು ವಿಮಾನ ಹತ್ತಿದೆ.

ಹೊರಡುವಾಗ ಹೆಂಡತಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಅವುಗಳ ಮೇಲೆ ರಾಮದುರ್ಗದ ನೇಕಾರರಿಂದ ತಂದ ಒಂದು ಸೀರೆಯನ್ನೂ ಇಟ್ಟಳು.

"ಸೀರಿ ಯಾರಿಗೆ?" ಎಂದೆ.

"ಅಲ್ಲೆ ನಿಮಗ ಯಾರ ಮನ್ಯಾಗ ಉಣ್ಣಾಕ ಹಾಕ್ತಾರೋ ಅವರಿಗೆ ಕೊಡ್ರಿ. ಬರಿಗೈಲೆ ಉಂಡ ಬರಬ್ಯಾಡ್ರಿ" ಎಂದಳು.

ವಿಮಾನ ಇಳಿದ ಊರಿನ ಹೆಸರು ನಾಂದಿ. ಪ್ರವಾಸ ಶುರುವಾಗಲು ಇದಕ್ಕಿಂತ ಒಳ್ಳೆಯ ಹೆಸರಿನ ಊರು ಭೂಮಿಯ ಮೇಲೆ ಸಿಗಲಾರದು ಎಂದು ನಾನು ಸಂತೋಷಪಡುತ್ತಿರುವಾಗಲೇ ತಪಾಸಣೆಯವರು ರೊಟ್ಟಿಯನ್ನೂ ಚಟ್ನಿಯನ್ನೂ ತೆಗೆದಿಟ್ಟುಕೊಂಡರು. ಹೊರಗಿನ ಕಾಳುಕಡಿ ಒಳಗೆ ಬರುವಂತಿಲ್ಲವಂತೆ. ಆಮೇಲೆ ಒಬ್ಬ ಅಧಿಕಾರಿ ನನ್ನ ಬೂಟುಗಳನ್ನು ನೋಡಿದ. ಆಳೆತ್ತರಕ್ಕಿಂತ ಎತ್ತರದ, ಗುಂಗುರು ಕೂದಲಿನ ಫಿಜಿಯವನು. ಹಿಂದಿನ ವಾರ ಹೊಲದಲ್ಲಿ ಮೆಟ್ಟಿದ್ದ ನಮ್ಮ ಎರೆಮಣ್ಣು ಬೂಟಿನ ಅಂಚಿಗೆ ಹಾಗೆಯೇ ಅಂಟಿತ್ತು. ಬೇರೆ ದೇಶದ ಮಣ್ಣಿನಲ್ಲಿ ಕಬ್ಬಿನ ರೋಗ ಬರುತ್ತದೆ ಎಂದು ಹೇಳಿ, ಬೂಟುಗಳನ್ನು ಬಿಚ್ಚಿಸಿ, ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, ಔಷಧದ ನೀರಿನಲ್ಲಿ ತಾನೇ ಬ್ರಶ್ಶಿನಿಂದ ತಿಕ್ಕಿ ತೊಳೆದ. ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಸರ್ಕಾರದ ಅಧಿಕಾರಿಯೊಬ್ಬ ನನ್ನ ಕಾಲಿನದನ್ನು ಕೈಯಲ್ಲಿ ಹಿಡಿದದ್ದು ಕಂಡು ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವನಿಗೆ ಅದೇನೂ ಅನಿಸಿದಂತಿರಲಿಲ್ಲ. ನಕ್ಕು, "ಬುಲಾ" ಎಂದ. ಅವರ ನಮಸ್ಕಾರ ಅದು.

ಲೌಟೋಕಾ

ತರಬೇತಿ ಇದ್ದದ್ದು ಲೌಟೋಕಾ ಎಂಬ ಸಮುದ್ರದ ದಂಡೆಯ ಊರಿನಲ್ಲಿ. ಅಲ್ಲಿಯ ಬಸ್ಸುಗಳಿಗೆ ಕಿಟಕಿಯ ಗಾಜಿಲ್ಲ. ಮಳೆ ಬಂದರೆ ತಾಡಪತ್ರಿ ಇಳಿಬಿಡುತ್ತಾರೆ. ಕಬ್ಬು ಹೊತ್ತ ಪುಟ್ಟ ರೈಲು ಪೇಟೆಯ ನಡುವೆಯೇ ಹಾದು ಹೋಗುತ್ತದೆ. ಜನ ತರಕಾರಿ ಚೌಕಾಶಿ ನಿಲ್ಲಿಸಿ ಅದಕ್ಕೆ ದಾರಿ ಬಿಡುತ್ತಾರೆ. ಅರ್ಧ ಪೇಟೆ ನಮ್ಮವರೇ. ಮೂಗುತಿ ಇಟ್ಟ ಮುದುಕಿಯರು, ತುಳಸಿಕಟ್ಟೆ, ಅಂಗಡಿಯ ಮುಂದೆ ಅಗರಬತ್ತಿ. ಆದರೆ ಹೆಚ್ಚಿನವರು ಹಿಂದುಸ್ತಾನ ಕಂಡವರಲ್ಲ.

ನನ್ನನ್ನು ಹೊಲಗಳಿಗೆ ಕರೆದೊಯ್ಯುತ್ತಿದ್ದವನು ನರೇಶ್. ನನ್ನಂತೆಯೇ ಕಬ್ಬಿನ ಕೆಲಸದವನು, ನನ್ನದೇ ವಯಸ್ಸು. ಅವನ ಮುತ್ತಜ್ಜ ಬಿಹಾರದಿಂದ ಬಂದವನಂತೆ. ನನ್ನ ಹಿಂದಿ ಬೆಳಗಾವಿ ಪೇಟೆಯದು, ಅವನದು ಸಮುದ್ರದಲ್ಲಿ ತೊಳೆದು ಬಂದದ್ದು. ಹೇಗೋ ಹೊಂದಿಕೊಂಡೆವು.

ಒಂದು ದಿನ ಮಾತಿಗೆ ಅವನು, "ನಮ್ಮವರೆಲ್ಲ ಗಿರ್ಮಿಟ್‌ನಲ್ಲಿ ಬಂದವರು" ಎಂದ. ನಾನು ನಕ್ಕುಬಿಟ್ಟೆ. ನಮ್ಮ ಕಡೆ ಗಿರ್ಮಿಟ್ಟೆಂದರೆ ಚುರಮುರಿಗೆ ಉಳ್ಳಾಗಡ್ಡಿ, ಹುಣಸೆಹುಳಿ ಕಲಸಿ, ಮೆಣಸಿನಕಾಯಿ ಬಜಿಯ ಜೊತೆ ಸಂಜೆ ತಿನ್ನುವ ತಿನಿಸು. ಹಾಗೆಂದು ಹೇಳಿದೆ. ಅವನೂ ನಕ್ಕ. ಆಮೇಲೆ ತನ್ನ ಗಿರ್ಮಿಟ್ ಏನೆಂದು ಹೇಳಿದ. ಬ್ರಿಟಿಷರು ಈ ದ್ವೀಪಗಳನ್ನು ಹಿಡಿದ ಮೇಲೆ ಕಬ್ಬು ಬೆಳೆಸಲು ಕಲಕತ್ತೆಯಿಂದ, ಮದ್ರಾಸಿನಿಂದ ಹಡಗು ತುಂಬ ಜನರನ್ನು ಕರಾರು ಮಾಡಿಸಿ ತಂದರು. ಅಗ್ರಿಮೆಂಟ್ ಎನ್ನಲು ಬಾರದವರು ಗಿರ್ಮಿಟ್ ಎಂದರು. ಐದು ವರ್ಷ ದುಡಿಯುವ ತನಕ ಬಿಡುಗಡೆಯಿಲ್ಲ. ನನ್ನ ನಗು ಬಾಯಲ್ಲೇ ನಿಂತಿತು.

ನಮಗೆ ಇತಿಹಾಸವೆಂದರೆ ಕಿತ್ತೂರು. ಬಿದ್ದ ಕೋಟೆ, ಕುದುರೆ ಏರಿದ ರಾಣಿ, ಫಿರಂಗಿಯವರ ಜೊತೆ ಕಾಳಗ. ಶಾಲೆಯಿಂದ ನಮ್ಮನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ ಕಲ್ಲುಗಳನ್ನು ಮುಟ್ಟಿಸುತ್ತಿದ್ದರು. "ನಿಮ್ಮಲ್ಲಿ ಅಂಥದ್ದೇನಿದೆ ನೋಡಲು?" ಎಂದು ನರೇಶನನ್ನು ಕೇಳಿದೆ. ಅವನು ದಿಬ್ಬದ ಮೇಲೆ ಜೀಪು ನಿಲ್ಲಿಸಿ ಕೆಳಗೆ ಕೈ ತೋರಿಸಿದ. ಸಮುದ್ರದಿಂದ ಗುಡ್ಡದ ಬುಡದವರೆಗೆ ಕಬ್ಬು, ಬರೀ ಕಬ್ಬು. "ಇದೆಲ್ಲ ಕಾಡಾಗಿತ್ತು. ಕೈಯಿಂದ ಕಡಿದರು. ನಮ್ಮ ಕೋಟೆ ಇದೇ" ಎಂದ.

ಆಮೇಲೆ ಏನೋ ನೆನಪಾಗಿ ಕೇಳಿದ. "ರಾಕಿರಾಕಿಯ ಕಡೆ ಒಬ್ಬ ಮುದುಕಿ ಇದ್ದಾಳೆ. ಒಬ್ಬಳೇ ಇದ್ದಾಗ ಏನೋ ಮಾತಾಡಿಕೊಳ್ಳುತ್ತಾಳೆ. ತಮಿಳರು ಅದು ತಮಿಳಲ್ಲ ಅನ್ನುತ್ತಾರೆ, ತೆಲುಗರು ತೆಲುಗಲ್ಲ ಅನ್ನುತ್ತಾರೆ. ನಿನ್ನದೇನಾದರೂ ಇರಬಹುದೇ?"

ರಾಕಿರಾಕಿಯ ಕಡೆ

ಆಕೆ ಮಾವಿನ ಮರದ ಕೆಳಗೆ ಚಾಪೆಯ ಮೇಲೆ ಕುಳಿತು ಕಬ್ಬು ಕಡಿಯುವ ಕತ್ತಿಯನ್ನು ಮಸೆಯುತ್ತಿದ್ದಳು. ಬೆಳ್ಳಿಯಂಥ ಕೂದಲು, ಬತ್ತಿದ ಮೈ, ಆದರೆ ಮೊಣಕೈಯಿಂದ ಕೆಳಗೆ ಗಂಡಸಿನ ಕೈ. ನರೇಶ್, "ಆಜಿ, ಇಂಡಿಯಾದಿಂದ ಒಬ್ಬರು ಬಂದಿದ್ದಾರೆ" ಎಂದ. ಆಕೆ ತಲೆಯೆತ್ತಲಿಲ್ಲ.

"ಆರಾಮ ಅದೀರೇನ್ರಿ, ಆಯಿ?" ಎಂದೆ ನಾನು.

ಕತ್ತಿ ಮಸೆಯುವುದು ನಿಂತಿತು. ಆಕೆ ನನ್ನ ಮುಖ ನೋಡಲಿಲ್ಲ, ಬಾಯಿಯನ್ನೇ ನೋಡಿದಳು. "ನಾ ಬೈಲಹೊಂಗಲದಾಂವ. ಸವದತ್ತಿ ಬಾಜೂಕ" ಎಂದೆ.

ಆಕೆಯ ತುಟಿ ಅಲುಗಿತು. ಬಂದದ್ದು ಹಿಂದಿ. ತಲೆ ಕೊಡವಿ ಮತ್ತೆ ಬಾಯಿ ತೆರೆದಳು. ಬಂದದ್ದು ತಮಿಳು. ಸಿಟ್ಟು ಬಂದು ತನ್ನ ತೊಡೆಗೇ ಒಂದು ಹೊಡೆದುಕೊಂಡಳು. ಕೊನೆಗೆ, ಬಾವಿಯಿಂದ ಭಾರದ ಕೊಡ ಎಳೆದಂತೆ, ಒಂದೊಂದೇ ಶಬ್ದ ಮೇಲೆ ಬಂತು.

"ಯಾ... ಯಾವೂರಾಂವ ಅಂದಿ?"

"ಬೈಲಹೊಂಗಲ, ಆಯಿ."

"ಹೊಂಗಲ!" ಎಂದು ಕೂಗಿದಳು. "ಹೊಂಗಲದಾಗ ದನದ ಸಂತಿ ಕೂಡತೈತಿ. ನಮ್ಮಪ್ಪ ಅಲ್ಲೇ ಎತ್ತು ತಂದಿದ್ದ. ಒಂದು ಮಾಸಬಣ್ಣದ್ದ ಇತ್ತ, ಒಂದು ಬಿಳೇದ ಇತ್ತ!"

ಕೂಗು ಕೇಳಿ ಹೊಲದಿಂದ ಆಕೆಯ ಮಗ ಶಂಕರ್ ಓಡಿ ಬಂದ. ಐವತ್ತು ದಾಟಿದ ಮನುಷ್ಯ. ತಾಯಿ ಒಬ್ಬ ಅಪರಿಚಿತನ ಎರಡೂ ಕೈ ಹಿಡಿದುಕೊಂಡು ತನಗೆ ತಿಳಿಯದ ಭಾಷೆಯಲ್ಲಿ ಮಾತಾಡುವುದನ್ನು ನೋಡುತ್ತ, ಬೆವರು ಒರೆಸಿಕೊಳ್ಳುವುದನ್ನೂ ಮರೆತು ನಿಂತ. "ಇಷ್ಟು ವರ್ಷ ನಾವು ಇದನ್ನು ಮುದುಕಿಯ ಗೊಣಗಾಟ ಅಂದುಕೊಂಡಿದ್ದೆವು" ಎಂದು ನರೇಶನಿಗೆ ಹೇಳಿದ.

ಆಕೆಯ ಹೆಸರು ಗಂಗವ್ವ. ಹೆಂಡತಿ ಕೊಟ್ಟ ಸೀರೆ ಯಾರಿಗೆಂದು ನನಗೆ ಆಗಲೇ ತಿಳಿದುಹೋಯಿತು. ಜೀಪಿನಲ್ಲಿದ್ದ ಚೀಲದಿಂದ ತೆಗೆದು ಕೈಗೆ ಕೊಟ್ಟಾಗ ಆಕೆ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, "ಕೈಮಗ್ಗದ್ದ. ನಮ್ಮ ಕಡೀದ" ಎಂದಳು. ಆಮೇಲೆ, "ಉಂಡೀಯೇನ? ಕುಂದ್ರ. ಉಣಲಾರದ ಹೋಗಾಂವ ಅಲ್ಲ ನೀ" ಎಂದು ಗದರಿಸಿದಳು.

ಗಂಗವ್ವನ ಹೊಲ

ಆ ವಾರವೆಲ್ಲ ನಾನು ಅವರ ಮನೆಯಲ್ಲೇ ಉಳಿದೆ. ತರಬೇತಿಗೆ ಹೊಲ ಬೇಕೇಬೇಕಾಗಿತ್ತು, ನರೇಶ್ ಇದೇ ಹೊಲವೆಂದು ಬರೆದುಕೊಂಡ. ಬೆಳಿಗ್ಗೆ ಶಂಕರನ ಜೊತೆ ಕಬ್ಬು, ಸಂಜೆ ಗಂಗವ್ವನ ಜೊತೆ ಬದುವಿನ ಮೇಲೆ ನಡಿಗೆ. ನಡೆದಂತೆ ಮಾತು ಸಲೀಸಾಗುತ್ತಿತ್ತು. ಮೊದಲ ದಿನ ನಾಲ್ಕು ಶಬ್ದಕ್ಕೊಂದು ಹಿಂದಿ ಬೆರೆಯುತ್ತಿದ್ದವಳು ಮೂರನೆಯ ದಿನಕ್ಕೆ ನನ್ನ ಉಚ್ಚಾರವನ್ನೇ ತಿದ್ದತೊಡಗಿದಳು. ನಮ್ಮ ಕಡೆ ಈಗ ಯಾರೂ ಆಡದ ಹಳೆಯ ಮಾತುಗಳು ಆಕೆಯ ಬಾಯಲ್ಲಿ ಬಳಸದೆ ಇಟ್ಟ ತಾಮ್ರದ ಪಾತ್ರೆಗಳಂತೆ ಗಟ್ಟಿಯಾಗಿದ್ದವು.

"ನಮ್ಮೂರಾಗ ಪ್ಲೇಗ ಬಂದಿತ್ತ, ತಮ್ಮಾ. ನಾನು, ನನ್ನ ಗಂಡ ಗುಂತಕಲ್ಲಿಗೆ ಹೋದ್ವಿ, ರೈಲ್ವೇದ ಮಣ್ಣ ಹೊರಾಕ. ಅಲ್ಲೊಬ್ಬಾಂವ ಬಂದ. ಸಮುದ್ರದಾಗ ಒಂದು ನಡುಗಡ್ಡಿ ಐತಿ, ಸಕ್ಕರಿ ಚೀಲಾ ಹೊಲಿಯೂ ಕೆಲಸ, ನೆರಳಾಗ ಕುಂತ ಮಾಡೂದು, ಅಂದ. ಸಮುದ್ರ ಅಂದ್ರ ನಮಗೇನ ಗೊತ್ತ? ಮಲಪ್ರಭಾ ಹೊಳಿಗಿಂತ ಒಂದೀಟು ದೊಡ್ಡದಿರಬೇಕು ಅಂತ ತಿಳದಿದ್ವಿ."

ಅವರು ಬಂದದ್ದು ಕೊನೆಕೊನೆಯ ಹಡಗುಗಳಲ್ಲಿ ಒಂದರಲ್ಲಿ. ಕೂಲಿಗಳ ಸಾಲುಮನೆಯ ಒಂದು ತುಂಡು ಇನ್ನೂ ಹೊಲದಾಚೆ ಉಳಿದಿತ್ತು. ಆಕೆ ನನ್ನನ್ನು ಒಳಗೆ ಕರೆದೊಯ್ದಳು. ಕೈ ಚಾಚಿದರೆ ಎರಡೂ ಕಡೆಯ ಗೋಡೆ ಮುಟ್ಟುತ್ತದೆ. ಎರಡನೆಯ ವರ್ಷ ಆ ಕೋಣೆಯಲ್ಲೇ ಗಂಡ ಜ್ವರದಲ್ಲಿ ಸತ್ತ. ಮರುದಿನ ಬೆಳಿಗ್ಗೆ ಆಕೆ ಕಬ್ಬಿಗೆ ಹೋಗಬೇಕಾಯಿತು.

ಕರಾರು ಮುಗಿದ ಮೇಲೆ ಪಕ್ಕದ ಕೋಣೆಯ ತಮಿಳ ಮುನಿಸಾಮಿಯೊಡನೆ ಕೂಡಿಕೆಯಾಗಿ ಈ ನೆಲವನ್ನು ಗೇಣಿಗೆ ಹಿಡಿದಳು. "ಅವನ ಮಾತ ನನಗ ತಿಳೀತಿರಲಿಲ್ಲ, ನನ್ನ ಮಾತ ಅವಗ ತಿಳೀತಿರಲಿಲ್ಲ. ಅದಕ್ಕ ಜಗಳಾ ಭಾಳ ಆಗಲಿಲ್ಲ" ಎಂದು ನಕ್ಕಳು. ಗೇಣಿಗೆ ಕೊಟ್ಟವರು ಬ್ರಿಟಿಷರಲ್ಲ. ಫಿಜಿಯಲ್ಲಿ ನೆಲ ಅಲ್ಲಿಯ ಮೂಲದವರದು, ಅದೂ ಒಬ್ಬೊಬ್ಬರದಲ್ಲ, ಇಡೀ ಕುಲದ್ದು. ಅದನ್ನು ಮಾರುವಂತಿಲ್ಲ, ಸರ್ಕಾರದ ಮಂಡಳಿಯ ಮೂಲಕ ಇಂತಿಷ್ಟು ವರ್ಷಕ್ಕೆಂದು ಕೊಡಬಹುದು ಅಷ್ಟೆ.

"ಇಲ್ಲೆ ನಾವು ಬಂದಾಗ ಆಳ ಮುಳಗೂವಷ್ಟ ಹುಲ್ಲ, ಅದರಾಗ ಗಿಡಾ. ಬೇರ ಕಿತ್ತ ಕಿತ್ತ ಉಗರ ಹೋದ್ವು. ಎರಡ ಕೂಸು ಇಲ್ಲೇ ಮಣ್ಣಾಗ ಅದಾವ. ಒಮ್ಮಿ ಬಿರುಗಾಳಿ ಬಂದು ಮನೀನ ಹಾರಿಸಿಕೊಂಡ ಹೋತು. ಆವಾಗ ಈ ನೆಲದ ಒಡೆಯ ಮುದಕ ಕೆಸವಿನ ಗಡ್ಡಿ ಹೊತಗೊಂಡ ಬಂದ. ಅವಗ ಯಾರೂ ಹೇಳಿ ಕಳಿಸಿರಲಿಲ್ಲ."

ಆ ಒಡೆಯ ಈಗಿಲ್ಲ. ಅವನ ಮೊಮ್ಮಗ ಜೋನೆ ಕುಲದ ಹಿರಿಯನಾಗಿದ್ದ. ಗಂಗವ್ವನ ಗೇಣಿಯ ಅವಧಿ ಆ ಸುಗ್ಗಿಗೆ ಮುಗಿಯುತ್ತಿತ್ತು. ನೆಲ ವಾಪಸ್ಸು ಬೇಕೆಂದು ಜೋನೆ ಹೇಳಿ ಕಳಿಸಿದ್ದ. ಆ ವಾರದ ಕೊನೆಗೆ ಶಂಕರ್ ಅವರ ಹಳ್ಳಿಗೆ ಹೋಗಿ ಬೇಡಿಕೊಳ್ಳುವುದಿತ್ತು. ಮನೆಯವರು ಮೆಲ್ಲಗೆ ಮಾತಾಡುವುದೇಕೆಂದು ನನಗೆ ಆಗ ತಿಳಿಯಿತು. ಸೊಸೆ ಅಡುಗೆ ಮಾಡುತ್ತಲೇ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹಳ್ಳಿಗೆ ಹೋಗುವ ಹಿಂದಿನ ಸಂಜೆ ಗಂಗವ್ವ ನಾನು ಹೆದರಿದ್ದ ಪ್ರಶ್ನೆ ಕೇಳಿದಳು. ಮೊದಲ ದಿನವೇ ತನ್ನ ಊರಿನ ಹೆಸರು ಹೇಳಿದ್ದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಆಕೆಯ ಮನೆತನದವರು ಇನ್ನೂ ಇದ್ದಾರು. ಸವದತ್ತಿಯ ಆಚೆ, ಹೊಳೆಯ ದಂಡೆಯ ಊರು ಅದು.

"ನಮ್ಮೂರ ಹೆಂಗೈತಿ, ತಮ್ಮಾ? ನೀ ಹೇಳವಲ್ಲಿ."

"ಆಯಿ, ಆ ಊರ ಈಗ ಇಲ್ಲ."

"ಪ್ಲೇಗಿನ್ಯಾಗ ಹೋತೇನ?"

"ಅಲ್ಲ. ನವಿಲುತೀರ್ಥದಾಗ ಹೊಳಿಗೆ ಒಡ್ಡ ಕಟ್ಟ್ಯಾರ. ನೀರ ನಿಂತೈತಿ. ಊರ ಅದರಾಗ ಮುಳಗೇತಿ. ಮಂದಿ ಮ್ಯಾಲ ದಿಬ್ಬದಾಗ ಹೊಸಾ ಊರ ಕಟಗೊಂಡಾರ."

ಬಾಗಿಲ ಚೌಕಟ್ಟುಗಳನ್ನೂ ತೊಲೆಗಳನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಆ ಜನ ದಿಬ್ಬ ಹತ್ತುವುದನ್ನು ನಾನು ಕಂಡಿದ್ದೆ. ಅದನ್ನು ಹೇಳಲಿಲ್ಲ. ಗಂಗವ್ವ ಬಹಳ ಹೊತ್ತು ಕಬ್ಬಿನ ಗರಿ ಸೀಳುತ್ತ ಕುಳಿತಳು.

"ಆ ನೀರ ಯಾರಿಗೆ ಹೋಗತೈತಿ?"

"ಕೆಳಗಿನ ಹೊಲಗೋಳಿಗೆ. ಅಲ್ಲೆ ಈಗ ಒಂದೀಟು ಕಬ್ಬೂ ಬೆಳೀತಾರ."

"ಕಬ್ಬ?" ಎಂದಳು. ಆಮೇಲೆ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಬಿಡಲಿಲ್ಲ ನೋಡ ನನ್ನ, ಈ ಕಬ್ಬ!" ನಗು ಅಳುವಾದದ್ದು ಯಾವಾಗಲೋ ನನಗೆ ಗೊತ್ತಾಗಲಿಲ್ಲ.

ಎದ್ದು ನಿಂತಾಗ ಶಂಕರನನ್ನು ಕರೆದು, ನಾಳೆ ತಾನೂ ಬರುವುದಾಗಿ ಹಿಂದಿಯಲ್ಲಿ ಹೇಳಿದಳು. ಅವನು ಬೇಡವೆಂದ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ.

ಒಡೆಯರ ಹಳ್ಳಿ

ನಾನು ಆ ಹಳ್ಳಿಯಲ್ಲಿ ಇಟ್ಟ ಮೊದಲ ಹೆಜ್ಜೆಯೇ ತಪ್ಪಾಯಿತು. ನಮ್ಮ ಕಡೆ ಹಿರಿಯರ ಮುಂದೆ ಬರಿದಲೆಯಲ್ಲಿ ನಿಲ್ಲುವುದು ಮರ್ಯಾದೆಯಲ್ಲ. ಅದಕ್ಕೆಂದೇ ಟೊಪ್ಪಿಗೆ ಹಾಕಿಕೊಂಡು ಹೋಗಿದ್ದೆ. ಹಳ್ಳಿಯ ಬಾಯಲ್ಲೇ ನರೇಶ್ ಅದನ್ನು ಕಿತ್ತುಕೊಂಡು ತನ್ನ ಕಂಕುಳಲ್ಲಿ ಮುಚ್ಚಿಟ್ಟ. ಅಲ್ಲಿ ತಲೆಯ ಮೇಲೆ ಏನಾದರೂ ಇಟ್ಟುಕೊಂಡು ಬರುವುದೇ ಅವಮಾನವಂತೆ.

ಹುಲ್ಲು ಹೊದಿಸಿದ ದೊಡ್ಡ ಮನೆ. ಒಳಗೆಲ್ಲ ಚಾಪೆ. ಹಿರಿಯರು ಸೊಂಟಕ್ಕೆ ಲುಂಗಿಯಂಥ ಬಟ್ಟೆ ಸುತ್ತಿಕೊಂಡು ಸಾಲಾಗಿ ಕುಳಿತಿದ್ದರು. ನಡುವೆ ಜೋನೆ, ನನಗಿಂತ ಚಿಕ್ಕವನು. ನಾವು ತಂದ ಯಂಗೋನ ಬೇರಿನ ಕಟ್ಟನ್ನು ಅವರ ಮುಂದಿಟ್ಟೆವು. ಬರಿಗೈಯಲ್ಲಿ ಅಲ್ಲಿಯೂ ಹೋಗುವಂತಿಲ್ಲ. ಆ ಬೇರನ್ನು ಕುಟ್ಟಿ, ಕಾಲುಗಳಿದ್ದ ಮರದ ಬೋಗುಣಿಯಲ್ಲಿ ನೀರಿಗೆ ಕಿವುಚಿ, ತೆಂಗಿನ ಚಿಪ್ಪಿನಲ್ಲಿ ಒಬ್ಬೊಬ್ಬರಿಗೂ ಕೊಟ್ಟರು. ಚಪ್ಪಾಳೆ ತಟ್ಟಿ ಒಂದೇ ಗುಟುಕಿಗೆ ಕುಡಿಯಬೇಕು. ಕೆಸರುನೀರಿನ ರುಚಿ. ಸ್ವಲ್ಪ ಹೊತ್ತಿಗೆ ನನ್ನ ನಾಲಗೆ ಮರಗಟ್ಟಿತು. ಅಂದು ನಾನು ಮಾತಾಡಬೇಕಾಗಿರಲಿಲ್ಲ, ಪುಣ್ಯ.

ಶಂಕರ್ ಶುರು ಮಾಡುವ ಮೊದಲೇ ಗಂಗವ್ವ ಮುಂದೆ ಸರಿದು ಕುಳಿತಳು. ರಾಮದುರ್ಗದ ಸೀರೆಯನ್ನುಟ್ಟು, ನಮ್ಮ ಕಡೆಯ ಹೆಣ್ಣುಮಕ್ಕಳಂತೆ ತಲೆತುಂಬ ಸೆರಗು ಹೊದ್ದು ಬಂದಿದ್ದವಳು ಬಾಗಿಲಲ್ಲೇ ಸೆರಗು ಇಳಿಸಿದ್ದಳು. ಮಾತಾಡಿದ್ದು ಅವರ ಭಾಷೆಯಲ್ಲಿ, ಅವರಷ್ಟೇ ಸರಾಗವಾಗಿ. ನರೇಶ್ ನನ್ನ ಕಿವಿಯಲ್ಲಿ ಹೇಳುತ್ತಹೋದ.

"ನಿನ್ನ ಅಜ್ಜನ ಹತ್ತಿರ ನೆಲ ಕೇಳಲು ಬಂದಾಗ ನನಗೊಂದು ಊರಿತ್ತು. ಇಲ್ಲಿ ಆಗದಿದ್ದರೆ ಅಲ್ಲಿಗೆ ಹೋದೇನು ಎಂಬ ಧೈರ್ಯವಿತ್ತು. ಆ ಊರು ಈಗ ನೀರಿನಡಿ ಇದೆಯಂತೆ, ಈ ಮನುಷ್ಯ ಹೇಳಿದ. ನಿನ್ನ ನೆಲ ನೀನು ಕೇಳುವುದು ತಪ್ಪಲ್ಲ. ಅದು ನನ್ನದೆಂದು ನಾನು ಯಾವತ್ತೂ ಅಂದಿಲ್ಲ. ಆದರೆ ನನ್ನ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ, ಅದನ್ನು ನೀನೇ ಹೇಳು."

ಜೋನೆ ತಲೆ ತಗ್ಗಿಸಿಕೊಂಡು ಕೇಳಿದ. ಆಮೇಲೆ ಅವನೂ ತನ್ನ ಮಾತು ಹೇಳಿದ. ಅವನ ತಮ್ಮಂದಿರು ಪೇಟೆಯಲ್ಲಿ ಮೂಟೆ ಹೊರುತ್ತಿದ್ದರು. ತಮ್ಮದೇ ನೆಲ ಕಣ್ಣೆದುರು ಇದ್ದೂ ಅವರಿಗೆ ಬಿತ್ತಲು ಜಾಗವಿರಲಿಲ್ಲ. ಅದನ್ನು ಕೇಳುವಾಗ ನನಗೆ ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಬ್ರಿಟಿಷರು ಇಬ್ಬರನ್ನು ಒಂದೇ ನೆಲದಲ್ಲಿ ಎದುರುಬದುರು ಕೂರಿಸಿ ಎದ್ದು ಹೋಗಿದ್ದರು.

ಹಿರಿಯರು ಎದ್ದು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಶಂಕರ್ ಚಾಪೆಯ ಎಳೆ ಕೀಳುತ್ತಿದ್ದ.

ಅವರು ತಿರುಗಿ ಬಂದಾಗ ಜೋನೆ ನಡೆದು ಬರಲಿಲ್ಲ. ಬಾಗಿಲಿನಿಂದ ಮೊಣಕಾಲಿನ ಮೇಲೆ, ತಲೆ ಬಗ್ಗಿಸಿಕೊಂಡು, ಗಂಗವ್ವನ ಮುಂದಿನ ತನಕ ಬಂದ. ಎರಡೂ ಕೈಯಲ್ಲಿ ಹಗ್ಗ ಕಟ್ಟಿದ, ಹಳದಿಗಟ್ಟಿದ ಒಂದು ದೊಡ್ಡ ಹಲ್ಲಿತ್ತು. ನರೇಶ್ ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದ. ತಿಮಿಂಗಿಲದ ಹಲ್ಲು. ಅದಕ್ಕಿಂತ ದೊಡ್ಡ ಕಾಣಿಕೆ ಅವರಲ್ಲಿ ಇಲ್ಲವಂತೆ.

"ದಿಬ್ಬದ ಕಡೆಯ ಅರ್ಧ ನಮಗೆ ಬೇಕು" ಎಂದ ಜೋನೆ. "ಮನೆ, ಮಕ್ಕಳ ಗೋರಿ, ಈ ಕಡೆಯ ಅರ್ಧ ನಿಮ್ಮ ಮಕ್ಕಳು ಮೊಮ್ಮಕ್ಕಳಿಗೆ ಇರಲಿ. ಮಂಡಳಿಗೆ ನಾವೇ ಹೇಳುತ್ತೇವೆ. ನೀವು ಕಾಡು ಕಡಿದ ನೆಲವನ್ನು ತಿರುಗಿ ತೆಗೆದುಕೊಳ್ಳುತ್ತಿದ್ದೇವೆ. ಅದಕ್ಕೆ ನಮ್ಮನ್ನು ಕ್ಷಮಿಸಬೇಕು."

ದೊಡವಾಡದ ಹತ್ತಿರದ ನಮ್ಮ ಹಳ್ಳಿಯಲ್ಲೂ ಜಮೀನುದಾರರ ಒಂದು ವಾಡೆಯಿದೆ. ನನ್ನಪ್ಪ ಅದರ ಗೇಣಿದಾರ. ಚಪ್ಪಲಿ ಕೈಯಲ್ಲಿ ಹಿಡಿದು ವಾಡೆಯ ಹೊರಬಾಗಿಲಲ್ಲಿ ನಿಲ್ಲುತ್ತಿದ್ದ. ಉಳುವವನಿಗೇ ಹೊಲವೆಂಬ ಕಾಯದೆ ಬಂದು ಹೊಲ ನಮ್ಮದಾಯಿತು, ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ಎರಡೂ ಮನೆಯವರು ಮುಖ ಕೊಟ್ಟು ಮಾತಾಡಿಲ್ಲ. ನೆಲದ ಒಡೆಯ ಗೇಣಿದಾರಳ ಮುಂದೆ ಮೊಣಕಾಲೂರುವುದು ಎಲ್ಲಾದರೂ ಇದ್ದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮೈಯೆಲ್ಲ ಜುಮ್ಮೆಂದಿತು. ಆ ಬೇರಿನ ನೀರಿನಿಂದ ಅಲ್ಲ.

ಗಂಗವ್ವ ಹಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡಳು. "ವಿನಾಕಾ" ಎಂದಳು, ಅವರ ಭಾಷೆಯಲ್ಲಿ ಉಪಕಾರವಾಯಿತು ಎನ್ನುವ ಮಾತು. ಶಂಕರನ ಮುಖದಲ್ಲಿ ಹೋದ ಅರ್ಧ, ಉಳಿದ ಅರ್ಧ ಎರಡೂ ಕಾಣುತ್ತಿದ್ದವು.

ಬದು

ನಾನು ಹೊರಡುವ ದಿನವೇ ಗಡಿ ಗುರುತು ಮಾಡಿದರು. ಜೋನೆ, ಅವನ ತಮ್ಮಂದಿರು, ಶಂಕರ್, ಎಲ್ಲರೂ ಹಗ್ಗ ಹಿಡಿದು ದಿಬ್ಬದ ಬುಡದಿಂದ ಗೂಟ ನೆಡುತ್ತ ಬಂದರು. ಕಬ್ಬಿನ ನಡುವೆ ಒಂದು ಒರತೆಯಿತ್ತು, ಬೇಸಿಗೆಯಲ್ಲೂ ಬತ್ತದ್ದು. ಗೂಟ ಅದರಾಚೆ ಬಿತ್ತು. ಒರತೆ ಗಂಗವ್ವನ ಪಾಲಿಗೆ ಬಂತು. ಶಂಕರನ ಮುಖ ಆ ವಾರದಲ್ಲಿ ಮೊದಲ ಸಲ ಸಡಿಲವಾಯಿತು.

ಹಿಂದೆ ಕೋಲೂರಿಕೊಂಡು ಬಂದ ಗಂಗವ್ವ ಗೂಟವನ್ನು ನೋಡಿದಳು. ಒರತೆಯನ್ನು ನೋಡಿದಳು. ಕೋಲು ನನ್ನ ಕೈಗೆ ಕೊಟ್ಟು, ಬಗ್ಗಿ, ಎರಡೂ ಕೈಯಿಂದ ಗೂಟ ಕಿತ್ತಳು. ಶಂಕರ್, "ಅಮ್ಮಾ, ಅದು ನಮ್ಮ ಕಡೆ ಬಂದಿದೆ" ಎಂದ. ಆಕೆ ಅವನ ಕಡೆ ತಿರುಗದೆ ನನಗೆ ಹೇಳಿದಳು.

"ಅವನ ತಮ್ಮಂದಿರು ಹೊಸದಾಗಿ ಬಿತ್ತಾವ್ರು. ಮೊದಲನೇ ವರ್ಷ ನೀರ ಇಲ್ಲಂದ್ರ ಏನಾಗತೈತಿ ಅಂತ ನನಗ ಗೊತ್ತ, ತಮ್ಮಾ. ಒರತಿ ನಡಕ ಇರಲಿ."

ಒರತೆಯ ತುಟಿಯಲ್ಲೇ, ಎರಡೂ ಕಡೆಯವರ ಕೊಡ ಮುಳುಗುವಂತೆ, ಗೂಟವನ್ನು ಇಟ್ಟು ಹಿಡಿದುಕೊಂಡಳು. ನಮ್ಮೂರುಗಳಲ್ಲಿ ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೊಡಲಿ ಎತ್ತಿದ್ದನ್ನು ಕಂಡವನು ನಾನು. ಆಕೆಯ ಕೋಲು ಹಿಡಿದು ನಿಂತಿದ್ದೆ. ರಸ್ತೆಯಲ್ಲಿ ನರೇಶನ ಜೀಪು ಹಾರ್ನು ಹಾಕುತ್ತಿತ್ತು.

ಜೋನೆ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. ಆಮೇಲೆ ಕೆಸರಿನಲ್ಲಿ ಕುಳಿತು, ಆಕೆ ಇಟ್ಟಲ್ಲೇ, ಗೂಟದ ಸುತ್ತ ಕೈಯಿಂದ ಮಣ್ಣು ತುಂಬತೊಡಗಿದ. ಸ್ವಲ್ಪ ಹೊತ್ತಿಗೆ ಶಂಕರನೂ ಅವನ ಎದುರು ಕುಳಿತ.